ತೋರಣದ ಗಂಟೂ ನಾಲ್ಕು ಕಂಪನಿಗಳ ಎಲ್ಲೆಯೂ

ಪಾಠ ಹೇಳುವವರಿಗೆ ಒಂದು ಸೌಕರ್ಯವಿದೆ. ತಾವು ಹೇಳಿದ ಪಾಠದ ಮೇಲೆ ಅವರು ಎಂದೂ ಪರೀಕ್ಷೆಗೆ ಕೂರಬೇಕಾಗಿಲ್ಲ, ಕೂರುವವರು ಬೇರೆ. ಈ ಸೌಕರ್ಯವನ್ನು ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೊಟ್ಟೆ ತುಂಬ ಅನುಭವಿಸಿದೆ. ಕಾಲೇಜಿನಲ್ಲಿ ನಾನು ಹೇಳುತ್ತಿದ್ದದ್ದು ಅರ್ಥಶಾಸ್ತ್ರ. ಅದರಲ್ಲಿ ನನಗೆ ಬಹಳ ಪ್ರಿಯವಾದ ಪಾಠ ‘ಸಂಸ್ಥೆಯ ಎಲ್ಲೆ’. ಒಂದು ಕಂಪನಿ ಯಾವ ಕೆಲಸವನ್ನು ತಾನೇ ಮಾಡಬೇಕು, ಯಾವುದನ್ನು ಹೊರಗಿನಿಂದ ಕೊಳ್ಳಬೇಕು, ಯಾವುದನ್ನು ಇನ್ನೊಂದು ಕಂಪನಿಯೊಡನೆ ಕೈಜೋಡಿಸಿ ಮಾಡಬೇಕು, ಎಲ್ಲಿ ಗೆರೆ ಎಳೆದು ‘ಇಲ್ಲಿಗೆ ನಮ್ಮದು ಮುಗಿಯಿತು’ ಎನ್ನಬೇಕು ಎಂಬುದೇ ಅದರ ವಿಷಯ. ನಾನು ಟೆಲಿಫೋನ್ ಕಂಪನಿಗಳನ್ನು ಉದಾಹರಣೆಗೆ ತೆಗೆದುಕೊಂಡು, ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚೌಕಗಳನ್ನು ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು, ಕೈ ಒರೆಸಿಕೊಂಡು ಹುಡುಗರ ಕಡೆ ತಿರುಗಿ ನಿಲ್ಲುವಾಗ ಆ ಕಂಪನಿಗಳನ್ನೆಲ್ಲ ನಾನೇ ನಡೆಸುತ್ತಿದ್ದೇನೆ ಎಂಬಷ್ಟು ಠೀವಿ ಬರುತ್ತಿತ್ತು. ನಿವೃತ್ತನಾದ ದಿನ ಉಳಿದ ಸೀಮೆಸುಣ್ಣದ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಚಾಮರಾಜಪೇಟೆಯ ನಮ್ಮ ಮನೆಗೆ ಬಂದೆ. ಆ ಪಾಠದ ಪರೀಕ್ಷೆಗೆ ನಾನೇ ಕೂರಬೇಕಾಗಿ ಬಂದದ್ದು ಈ ಶ್ರಾವಣದಲ್ಲಿ. ಫಲಿತಾಂಶವನ್ನು ಮುಚ್ಚಿಡುವ ಆಸೆ ಬೇಕಾದಷ್ಟಿದೆ, ಆದರೆ ಬೀದಿಗೆಲ್ಲ ಗೊತ್ತಾಗಿಹೋಗಿದೆ.

ವಿಷಯ ಕಷ್ಟವೆಂದು ಹೆದರಬೇಡಿ. ತರಗತಿಯಲ್ಲಿ ಹುಡುಗರ ಕಣ್ಣು ಮುಚ್ಚತೊಡಗಿದಾಗ ನಾನು ಹುಳಿಪುಡಿಯ ಉದಾಹರಣೆ ಕೊಡುತ್ತಿದ್ದೆ. ಹುಳಿಪುಡಿಯನ್ನು ಮನೆಯಲ್ಲೇ ಹುರಿದು ಪುಡಿ ಮಾಡಿಸಿದರೆ ಎಲ್ಲವೂ ನಿಮ್ಮ ಹತೋಟಿಯಲ್ಲಿ. ಆದರೆ ಘಾಟಿಗೆ ಮನೆಮಂದಿಯೆಲ್ಲ ಸೀನಬೇಕು. ಗಾಂಧಿಬಜಾರಿನ ಅಂಗಡಿಯಿಂದ ತಂದರೆ ಸೀನು ಉಳಿಯಿತು. ಅದರಲ್ಲಿ ಏನು ಹಾಕಿದ್ದಾರೋ ದೇವರಿಗೇ ಗೊತ್ತು. ಮೂರನೆಯ ದಾರಿ ಮೈತ್ರಿ. ನನ್ನ ಹೆಂಡತಿ ವಸಂತಾ ಮತ್ತು ತ್ಯಾಗರಾಜನಗರದಲ್ಲಿರುವ ಅವಳ ಅಕ್ಕ ಒಂದು ವರ್ಷ ಹಾಗೆ ಮಾಡಿದರು. ಅಕ್ಕ ಮೆಣಸಿನಕಾಯಿ ಹುರಿಯುವುದು, ಇವಳು ಕೊತ್ತಂಬರಿ ಬೀಜ ಮತ್ತು ಬೇಳೆ ಹುರಿಯುವುದು, ಬೆರೆಸಿ ಹಂಚಿಕೊಳ್ಳುವುದು. ಪುಡಿ ಕಹಿಯಾಯಿತು. ಅಕ್ಕ ಫೋನಿನಲ್ಲಿ, “ನನ್ನ ಮೆಣಸಿನಕಾಯಿ ಸರಿಯಾಗೇ ಇತ್ತು ಕಣೇ, ನಿನ್ನ ಕೊತ್ತಂಬ್ರಿ ಸೀದಿರತ್ತೆ” ಎಂದಳು. ಇವಳು, “ನನ್ನ ಕೊತ್ತಂಬ್ರಿ ಹೊಂಬಣ್ಣಕ್ಕಿತ್ತು, ನೀನು ಟೀವಿ ನೋಡ್ತಾ ಹುರಿದಿರ್ತೀಯಾ” ಎಂದಳು. ಪುಡಿ ಮಾತ್ರ ಇಬ್ಬರ ಮನೆಯಲ್ಲೂ ಕಹಿಯಾಗಿಯೇ ಇತ್ತು. ಮೈತ್ರಿಯ ಅರ್ಥಶಾಸ್ತ್ರ ಇಷ್ಟೇ. ಉಳಿದದ್ದೆಲ್ಲ ಪುಸ್ತಕ ದಪ್ಪವಾಗಲು ಬರೆದದ್ದು.

ಹಿಂದೆ ಟೆಲಿಫೋನ್ ಎಂದರೆ ಒಂದೇ ಇಲಾಖೆ. ಕಂಬ ಅವರದು, ತಂತಿ ಅವರದು, ಮನೆಯಲ್ಲಿದ್ದ ಕಪ್ಪು ಫೋನೂ ಅವರದು. ಅದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಗಿತ್ತು ನಿಜ, ಬಂದ ಮೇಲೂ ಅದು ಮಾತಾಡುವುದಕ್ಕಿಂತ ಗೊರಗೊರ ಎನ್ನುವುದೇ ಹೆಚ್ಚಾಗಿತ್ತು ಎಂಬುದೂ ನಿಜ. ಆದರೆ ಬಯ್ಯುವುದಕ್ಕೆ ಒಂದೇ ವಿಳಾಸವಿತ್ತು. ಸೈಕಲ್ಲಿನಲ್ಲಿ ಬರುತ್ತಿದ್ದ ಲೈನ್‌ಮನ್‌ನನ್ನು ನಮ್ಮ ತಂದೆ ಜಗಲಿಯಲ್ಲಿ ಕೂರಿಸಿಕೊಂಡು, ಕಾಫಿ ಕೊಟ್ಟು, ಸಾವಕಾಶವಾಗಿ ಬಯ್ಯುತ್ತಿದ್ದರು. ಅವನು ಕಾಫಿ ಕುಡಿದು, ಬೈಗುಳ ಕೇಳಿ, ಕಂಬ ಹತ್ತುತ್ತಿದ್ದ. ಈಗಿನ ನಮ್ಮ ಇಂಟರ್ನೆಟ್ ಹಾಗಲ್ಲ. ಸಂಪರ್ಕವನ್ನು ನಮಗೆ ಮಾರಿದ ಕಂಪನಿ ಒಂದು. ನೆಲದಡಿ ಮತ್ತು ಕಂಬಗಳ ಮೇಲೆ ಫೈಬರ್ ಎಳೆದ ಕಂಪನಿ ಇನ್ನೊಂದು. ಕಂಬದಿಂದ ನಮ್ಮ ಮನೆಯ ಗೋಡೆಯವರೆಗೆ ಕೇಬಲ್ ಎಳೆದವನು ಕಾಟನ್‌ಪೇಟೆಯ ಕಡೆ ಹೂವಿನ ಅಂಗಡಿಯ ಹಿಂದೆ ಆಫೀಸು ಇಟ್ಟುಕೊಂಡಿರುವ ಮಂಜಣ್ಣ. ಮೊದಲು ತರಕಾರಿ ವ್ಯಾಪಾರ, ಆಮೇಲೆ ಟೀವಿ ಕೇಬಲ್, ಈಗ ದೊಡ್ಡ ಕಂಪನಿಯ ‘ಏರಿಯಾ ಪಾರ್ಟ್‌ನರ್’. ಹಜಾರದಲ್ಲಿ ಮಿಣಮಿಣ ಎನ್ನುವ ವೈಫೈ ಡಬ್ಬಿ ನಾಲ್ಕನೆಯ ಕಂಪನಿಯದು. ಸಂಪರ್ಕ ಬಂದ ದಿನ ಈ ನಾಲ್ವರ ಮೈತ್ರಿಯನ್ನು ಕಂಡು ನಾನು ಎಷ್ಟು ಸಂತೋಷಪಟ್ಟೆನೆಂದರೆ, ವಸಂತಾಗೆ ಅಡುಗೆಮನೆಯ ಬಾಗಿಲಲ್ಲೇ ನಿಂತು ಅರ್ಧ ಗಂಟೆ ವಿವರಿಸಿದೆ. ಅವಳು, “ಹಾಡು ತಡೆದುತಡೆದು ಬರದೇ ಇದ್ರೆ ಸಾಕು” ಎಂದಳು.

ಹಾಡಿನ ವಿಷಯ ಇಲ್ಲಿ ಹೇಳಲೇಬೇಕು. ವಸಂತಾ ಮದುವೆಗೆ ಮುಂಚೆ ಚೆನ್ನಾಗಿ ಹಾಡುತ್ತಿದ್ದಳು. ಮದುವೆಯ ಮೇಲೆ ಅವಳ ಬ್ಯಾಂಕಿನ ಕೆಲಸ, ಮನೆ, ನನ್ನ ತಾಯಿಯ ಕಾಯಿಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಉಪನ್ಯಾಸಗಳ ಗದ್ದಲದಲ್ಲಿ ಅವಳ ಶ್ರುತಿಪೆಟ್ಟಿಗೆ ಅಟ್ಟ ಸೇರಿತು. ಹಾಡು ಎಂದು ಯಾರೂ ಹೇಳಲಿಲ್ಲ. ಯಾರೂ ಎಂದರೆ ನಾನು. ನಿವೃತ್ತಳಾದ ಮೇಲೆ ಅವಳೇ ಶ್ರುತಿಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಆನ್‌ಲೈನಿನಲ್ಲಿ ದೇವರನಾಮದ ತರಗತಿ ಶುರುಮಾಡಿದಳು. ಬೇರೆಬೇರೆ ಊರಿನ ಹನ್ನೊಂದು ಜನ ಹೆಂಗಸರು; ಅವರಲ್ಲಿ ಹಿರಿಯರು ಮೈಸೂರಿನ ಶಾರದಮ್ಮ, ವಯಸ್ಸು ಎಪ್ಪತ್ತನಾಲ್ಕು. ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ. ಅದಾದ ಭಾನುವಾರ ಸಂಜೆ ನಾಲ್ಕಕ್ಕೆ ಹನ್ನೊಂದು ಜನವೂ ತಂತಮ್ಮ ಮನೆಯವರ ಮುಂದೆ ಒಬ್ಬೊಬ್ಬರಾಗಿ ಹಾಡುವುದೆಂದು ನಿಶ್ಚಯವಾಗಿತ್ತು. ಆರು ತಿಂಗಳ ತಯಾರಿ. “ಲೈನಿನ ಜವಾಬ್ದಾರಿ ನನ್ನದು, ನೀನು ಹಾಡಿನ ಕಡೆ ಗಮನ ಕೊಡು” ಎಂದು ನಾನು ಮಾತು ಕೊಟ್ಟಿದ್ದೆ. ಅವಳ ಹಾಡಿನ ವಿಷಯದಲ್ಲಿ ನಾನು ಕೊಟ್ಟ ಮೊದಲನೆಯ ಮಾತು ಅದು.

ಹಬ್ಬದ ಬೆಳಿಗ್ಗೆ ನನ್ನ ಪಾಲಿನ ಕೆಲಸ ಮಾವಿನ ತೋರಣ ಕಟ್ಟುವುದು. ಬಾಗಿಲ ಮೇಲೆ ಎರಡು ಮೊಳೆಗಳಿದ್ದವು. ಅದಕ್ಕೆ ಹಿಂದಿನ ತಿಂಗಳು ಬಣ್ಣ ಬಳಿಯುವಾಗ ಬಲಗಡೆಯದು ಕಿತ್ತುಹೋಗಿತ್ತು. ದಾರವೂ ಒಂದು ಗೇಣು ಕಡಿಮೆ. “ಹೊಸ ದಾರ ತನ್ನಿ, ಹಾಗೇ ಒಂದು ಮೊಳೇನೂ ತಂದ್ಬಿಡಿ” ಎಂದು ವಸಂತಾ ಒಳಗಿನಿಂದ ಕೂಗಿದಳು. ಮನೆಯಲ್ಲೇ ಇರುವ ಸಂಪನ್ಮೂಲವನ್ನು ಬಳಸದೆ ಹೊರಗಿನಿಂದ ಕೊಳ್ಳುವುದು ಸಲ್ಲದು ಎಂದು ನಾನು ಸ್ಟೂಲಿನ ಮೇಲಿನಿಂದಲೇ ಉತ್ತರ ಕೊಟ್ಟು, ಬಾಗಿಲ ಮೇಲೆ ಗೋಡೆಗುಂಟ ಅನುಕೂಲವಾಗಿ ಹಾದುಹೋಗಿದ್ದ ತೆಳುವಾದ ಬಿಳಿ ವೈರೊಂದನ್ನು ಕೊಂಚ ಕೆಳಕ್ಕೆ ಎಳೆದು, ಮಡಿಸಿ, ತೋರಣದ ತುದಿಗೆ ಭದ್ರವಾಗಿ ಗಂಟು ಹಾಕಿದೆ. ಬಿಚ್ಚಿಹೋಗದಿರಲೆಂದು ಇನ್ನೊಂದು ಗಂಟು. ಇಳಿದು ದೂರ ನಿಂತು ನೋಡಿದೆ. ಬಹಳ ಚೆನ್ನಾಗಿ ಕಂಡಿತು. ಆ ವೈರು ಯಾವುದು, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ದೂರಸಂಪರ್ಕದ ಬಗ್ಗೆ ಮೂವತ್ತು ವರ್ಷ ಪಾಠ ಹೇಳಿದ ತಲೆಗೆ ಹೊಳೆಯಲಿಲ್ಲ.

ಪೂಜೆ ಮುಗಿದು, ಕಡಲೆಬೇಳೆ ಬೆಲ್ಲದ ಹಯಗ್ರೀವ ತಿಂದು, ನಾನು ಇನ್ನೇನು ಒರಗಬೇಕು ಎನ್ನುವಾಗ ವಸಂತಾ, “ರೀ, ಡಬ್ಬೀಲಿ ಕೆಂಪು ದೀಪ ಬರ್ತಿದೆ” ಎಂದಳು. ಜವಾಬ್ದಾರಿ ನನ್ನದಲ್ಲವೇ, ಕೂಡಲೇ ಹಳೆಯ ಲ್ಯಾಂಡ್‌ಲೈನಿನಿಂದ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಹೊತ್ತು ವಾದ್ಯ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಬಂದು, “ಸರ್, ನಮ್ಮ ಕಡೆಯಿಂದ ಎಲ್ಲಾ ಸರಿಯಾಗಿದೆ. ನಿಮ್ಮ ಏರಿಯಾ ಪಾರ್ಟ್‌ನರ್‌ಗೆ ತಿಳಿಸ್ತೀವಿ” ಎಂದಳು. ಮಂಜಣ್ಣನಿಗೆ ನಾನೇ ಫೋನು ಮಾಡಿದೆ. “ಮೇಷ್ಟ್ರೇ, ಹಬ್ಬದ ದಿನ ಹಿಡ್ಕೊಂಡ್ರಲ್ಲಾ. ಕಂಬದಿಂದ ನಿಮ್ಮ ಗೋಡೆವರೆಗೂ ಅಷ್ಟೇ ನಮ್ದು. ಕಂಬಕ್ಕೇ ಫೈಬರ್ ಒಳಗಿನ ಲೈಟ್ ಬರ್ತಿಲ್ಲ ಅಂದ್ರೆ ಫೈಬರ್ ಕಂಪ್ನಿಯೋರನ್ನ ಕೇಳ್ಬೇಕು” ಎಂದ. ಫೈಬರ್ ಕಂಪನಿಯ ಪರವಾಗಿ ಓಕಳಿಪುರಂನಿಂದ ಸಿದ್ಧರಾಜು ಎಂಬಾತ ಶನಿವಾರ ಬೆಳಿಗ್ಗೆ ಬೈಕಿನಲ್ಲಿ ಬಂದ. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಕಂಬಕ್ಕೆ ಏಣಿ ಹಾಕಿ ಹತ್ತಿ ಇಳಿದು, “ಕಂಬದಲ್ಲಿ ಲೈಟ್ ಚೆನ್ನಾಗಿದೆ ಸಾರ್. ನಮ್ಮದು ಇಲ್ಲಿಗೆ ಮುಗೀತು” ಎಂದು ಹೊರಟ. ಮಧ್ಯಾಹ್ನ ಮಂಜಣ್ಣ ತಾನೇ ಬಂದು ಗೋಡೆಯ ಹತ್ತಿರ ಏನೋ ಮಾಪಕ ಹಿಡಿದು, “ಗೋಡೆವರೆಗೂ ಓಕೆ ಮೇಷ್ಟ್ರೇ. ಡಬ್ಬಿ ಹೋಗಿರ್ಬೇಕು” ಎಂದ. ಡಬ್ಬಿಯ ಕಂಪನಿಗೆ ಫೋನು ಮಾಡಿದರೆ ಮನುಷ್ಯರೇ ಇಲ್ಲ. ಒಂದು ಒತ್ತಿ, ಎರಡು ಒತ್ತಿ ಎನ್ನುವ ಯಂತ್ರ. ಒತ್ತಿದೆ. ನಮ್ಮ ಡಬ್ಬಿಗಳು ದೋಷರಹಿತ, ಸಂಪರ್ಕ ಮಾರಿದ ಕಂಪನಿಯನ್ನು ವಿಚಾರಿಸಿ ಎಂದು ಅದು ಹೇಳಿತು. ಅಲ್ಲಿಗೆ ಪ್ರದಕ್ಷಿಣೆ ಪೂರ್ತಿಯಾಯಿತು.

ನಿಮ್ಮಲ್ಲಿ ಕೆಲವರು, ಮೊಬೈಲಿನಲ್ಲೇ ತರಗತಿ ನಡೆಸಬಹುದಿತ್ತಲ್ಲ ಎನ್ನಬಹುದು. ನಮ್ಮದು ಒಂದೂವರೆ ಅಡಿ ದಪ್ಪದ ಗೋಡೆಯ ಹಳೆಯ ಮನೆ. ಮೊಬೈಲಿಗೆ ಸಿಗ್ನಲ್ ಸಿಗುವುದು ತಾರಸಿಯಲ್ಲಿ, ನೀರಿನ ತೊಟ್ಟಿಯ ಪಕ್ಕ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಫೋನು ಮಾಡಬಹುದು, ಶ್ರುತಿ ಹಿಡಿದು ಹಾಡಲಾಗುವುದಿಲ್ಲ. ಅಕ್ಕನ ಮನೆಯಲ್ಲಿ ನೆಂಟರು ತುಂಬಿದ್ದರು. ಮುಂದಕ್ಕೆ ಹಾಕಿದರೆ ಹೇಗೆ ಎಂದು ನಾನು ಮೆಲ್ಲಗೆ ಕೇಳಿದೆ. ವಸಂತಾ ತನ್ನ ಫೋನನ್ನು ನನ್ನ ಮುಂದೆ ಹಿಡಿದು, ತಾರಸಿಗೆ ಹೋದಾಗ ಬಂದಿದ್ದ ಶಾರದಮ್ಮನವರ ಧ್ವನಿಸಂದೇಶವನ್ನು ಕೇಳಿಸಿದಳು. “ಅಮ್ಮಾ, ನಾಳೆ ಖಂಡಿತ ಅಲ್ವಾ? ನಮ್ಮೆಜಮಾನ್ರು ಕುರ್ಚಿಗಳನ್ನೆಲ್ಲ ಸಾಲಾಗಿ ಹಾಕಿಸ್ತಿದಾರೆ. ಐವತ್ತು ವರ್ಷದಲ್ಲಿ ನನ್ನ ಹಾಡು ಕೇಳ್ತೀನಿ ಅಂತ ಕೂತ್ಕೊಳ್ತಿರೋದು ಇದೇ ಮೊದ್ಲು.” ವಸಂತಾ ಫೋನು ಕೆಳಗಿಟ್ಟು, “ಕುರ್ಚಿ ಹಾಕಿಸಿದ ಮೇಲೆ ಬೇಡ ಅನ್ನೋದು ಹೇಗೆ? ಇನ್ನೊಂದ್ಸಲ ಅವ್ರು ಧೈರ್ಯ ಮಾಡಲ್ಲ ರೀ” ಎಂದಳು. ನನಗೆ ನಾಚಿಕೆಯಾಯಿತು. ಮೈಸೂರಿನ ಆ ಯಜಮಾನರು ಐವತ್ತು ವರ್ಷಕ್ಕಾದರೂ ಕುರ್ಚಿ ಹಾಕಿಸಿದರು; ನಾನು ನಮ್ಮ ಮನೆಯಲ್ಲಿ ಎಂದೂ ಹಾಕಿಸಿರಲಿಲ್ಲ.

ನಾಚಿಕೆಯಾದಾಗ ಬೇರೆಯವರು ಏನು ಮಾಡುತ್ತಾರೋ ತಿಳಿಯದು, ನಾನು ಚಿತ್ರ ಬರೆಯುತ್ತೇನೆ. ಹಜಾರದ ಕೆಂಪು ನೆಲದ ಮೇಲೆ ಕಾಲೇಜಿನ ಸೀಮೆಸುಣ್ಣದಲ್ಲಿ ನಾಲ್ಕು ಕಂಪನಿಗಳಿಗೂ ನಾಲ್ಕು ಬಣ್ಣದ ಚೌಕ ಬರೆದು, ಯಾರ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂದು ಗುರುತು ಮಾಡಿದೆ. ವಸಂತಾ ಬಂದು ನೋಡಿ, “ಇದರಲ್ಲಿ ಹಾಡೋಕಾಗತ್ತಾ?” ಎಂದು ಕೇಳಿ, ಚೌಕ ತುಳಿಯದೆ ಸುತ್ತಿಕೊಂಡು ಹೋದಳು. ಆಮೇಲೆ ನಾಲ್ಕು ಪುಟದ ಪತ್ರ ಬರೆದೆ. ಒಪ್ಪಂದಗಳಲ್ಲಿ ಎಲ್ಲವನ್ನೂ ಮುಂದಾಗಿ ಬರೆಯಲು ಸಾಧ್ಯವಿಲ್ಲವೆಂದೂ, ಬರೆಯದೆ ಬಿಟ್ಟ ಜಾಗದಲ್ಲೇ ಗ್ರಾಹಕ ಬೀಳುತ್ತಾನೆಂದೂ, ಆದ್ದರಿಂದ ನಾಲ್ಕು ಕಂಪನಿಗಳೂ ಕೂಡಲೇ ವಿಲೀನವಾಗತಕ್ಕದ್ದೆಂದೂ ವಾದಿಸಿದೆ. ಎರಡನೆಯ ಪುಟದಲ್ಲಿ ಒಂದು ಖಾರವಾದ ವಾಕ್ಯವಿತ್ತು: ‘ತಪ್ಪು ತನ್ನ ಎಲ್ಲೆಯೊಳಗೆ ಕಂಡುಬಂದಾಗ ಅದನ್ನು ಪಕ್ಕದವರ ಮೇಲೆ ಹಾಕದೆ ನೇರವಾಗಿ ಒಪ್ಪಿಕೊಳ್ಳುವುದು ಸಭ್ಯರ ಲಕ್ಷಣ.’ ಇದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಇ-ಮೇಲ್ ಕಳಿಸೋಣವೆಂದರೆ ಇಂಟರ್ನೆಟ್ ಇಲ್ಲ. ಜೆರಾಕ್ಸ್ ಮಾಡಿಸಿ, ಮಂಜಣ್ಣನ ಪ್ರತಿಯನ್ನು ಕೈಯಾರೆ ಕೊಟ್ಟುಬಂದೆ. ಜೊತೆಗೆ, ಭಾನುವಾರ ಬೆಳಿಗ್ಗೆ ಎಲ್ಲರೂ ನಮ್ಮ ಮನೆಯಲ್ಲೇ ಸೇರಿ ಜಂಟಿ ತನಿಖೆ ನಡೆಸಬೇಕೆಂದು ಉಳಿದವರಿಗೂ ಫೋನು ಮಾಡಿ ಆಗ್ರಹಿಸಿದೆ.

ನಮ್ಮ ದೇಶದಲ್ಲಿ ಬೆಳಿಗ್ಗೆ ಎಂದರೆ ಮಧ್ಯಾಹ್ನ ಎರಡೂವರೆ. ಮಂಜಣ್ಣ ಬಂದ, ಸಿದ್ಧರಾಜು ಬಂದ. ಸಂಪರ್ಕ ಮಾರಿದ ಕಂಪನಿಯ ಪರವಾಗಿ ಸಹಾಯವಾಣಿಯ ವಾದ್ಯಸಂಗೀತ ನಮ್ಮ ಲ್ಯಾಂಡ್‌ಲೈನಿನಲ್ಲಿ ಸಣ್ಣಗೆ ನುಡಿಯುತ್ತಿತ್ತು. ಡಬ್ಬಿಯ ಕಂಪನಿಯನ್ನು ಡಬ್ಬಿಯೇ ಪ್ರತಿನಿಧಿಸಿತು. ವಸಂತಾ ಇಬ್ಬರಿಗೂ ಹಬ್ಬದ ಹಯಗ್ರೀವ ಕೊಟ್ಟಳು. ಅವಳ ಕಣ್ಣು ಗಡಿಯಾರದ ಮೇಲೆಯೇ ಇತ್ತು. ನಾನು ನೆಲದ ಮೇಲಿನ ಚಿತ್ರವನ್ನು ಬೆತ್ತದಿಂದ ತೋರಿಸುತ್ತ ವಿವರಿಸಲು ತೊಡಗಿದೆ. ಸಿದ್ಧರಾಜು ಹಯಗ್ರೀವ ಮುಗಿಸಿ, ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, “ಸಾರ್, ಗೋಡೆವರೆಗೂ ಮಂಜಣ್ಣೋರದು. ಇಲ್ಲಿ ಡಬ್ಬಿ. ಗೋಡೆಯಿಂದ ಡಬ್ಬಿಗೆ ಬರೋ ವೈರು ಯಾರದು?” ಎಂದ. ನೋಡಿದೆ. ಅಲ್ಲಿ ನಾನು ಚೌಕವನ್ನೇ ಬರೆದಿರಲಿಲ್ಲ. “ಅದು... ಮನೆಯದು” ಎಂದೆ.

ಅವನು ಚೀಲದಿಂದ ಪೆನ್ನಿನಷ್ಟು ದೊಡ್ಡ ಟಾರ್ಚೊಂದನ್ನು ತೆಗೆದು, ಡಬ್ಬಿಯಿಂದ ವೈರನ್ನು ಕಳಚಿ, ಅದರ ತುದಿಗೆ ಸಿಕ್ಕಿಸಿದ. ವೈರಿನೊಳಗೆ ಇರುವುದು ಕೂದಲಿನಂಥ ಗಾಜಿನ ಎಳೆಯಂತೆ, ಅದು ಎಲ್ಲಿ ಮುರಿದಿದೆಯೋ ಅಲ್ಲಿ ಕೆಂಪು ಬೆಳಕು ಆಚೆ ಸೋರುತ್ತದಂತೆ. ಎಲ್ಲರೂ ವೈರಿನ ಹಿಂದೆ ಕತ್ತೆತ್ತಿಕೊಂಡು ಹೊರಟೆವು. ಹಜಾರ ದಾಟಿತು, ಬಾಗಿಲು ಬಂತು. “ಅಯ್ಯೋ, ತೋರಣಕ್ಕೆ ಯಾವಾಗ ಸೀರಿಯಲ್ ಸೆಟ್ ಹಾಕಿಸಿದ್ರಿ?” ಎಂದಳು ವಸಂತಾ. ಬಾಡಿದ ಮಾವಿನೆಲೆಗಳ ನಡುವೆ, ಬಲತುದಿಯಲ್ಲಿ, ನನ್ನ ಎರಡು ಗಂಟಿನ ನಟ್ಟನಡುವೆ ಕುಂಕುಮದ ಬೊಟ್ಟಿನಂತೆ ಕೆಂಪು ಬೆಳಕು ಉರಿಯುತ್ತಿತ್ತು.

ಲ್ಯಾಂಡ್‌ಲೈನಿನ ವಾದ್ಯ ಇನ್ನೂ ನಡೆದೇ ಇತ್ತು. ಸಿದ್ಧರಾಜು ಬಹಳ ವಿನಯದಿಂದ, “ಇದು ಯಾರು ಕಟ್ಟಿದ್ದು ಸಾರ್?” ಎಂದ. ಆ ಕ್ಷಣದಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಅದನ್ನು ಬಿಟ್ಟು ನನ್ನ ಬಾಯಿಂದ ಬಂದದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. “ಗಂಟು ನನ್ನದೇ. ಆದರೆ ನನ್ನ ಕೆಲಸ ಗಂಟಿಗೆ ಮುಗೀತು. ಮೊಳೆ ಕಿತ್ತುಹಾಕಿದ್ದು ಬಣ್ಣದವನು. ವೈರನ್ನ ಬಾಗಿಲ ಮೇಲೇ ಎಳೆದದ್ದು ಮಂಜಣ್ಣ. ತೋರಣ ಬೇಕು ಅಂದಿದ್ದು ನಮ್ಮ ಮನೆಯವರು. ಗಾಜು ಮಡಿಸಿದ್ರೆ ಮುರಿಯತ್ತೆ ಅಂತ ಕಂಪನಿಯವರು ಮೊದಲೇ ಹೇಳಬೇಕಾಗಿತ್ತು.” ಹೇಳುತ್ತಿರುವಾಗಲೇ ನನ್ನ ದನಿ ನನಗೆ ಎಲ್ಲೋ ಕೇಳಿದಂತೆನಿಸಿತು. ಎರಡು ದಿನದಿಂದ ನಾನು ಫೋನಿನಲ್ಲಿ ಬಯ್ಯುತ್ತಿದ್ದದ್ದು ಇದೇ ದನಿಯನ್ನು. ಮಂಜಣ್ಣ ಜೇಬಿನಿಂದ ನನ್ನ ಪತ್ರವನ್ನು ತೆಗೆದು, ಕನ್ನಡಕ ಹಾಕಿಕೊಂಡು, ಎರಡನೆಯ ಪುಟ ತಿರುವಿ, “ಮೇಷ್ಟ್ರೇ, ಇಲ್ಲಿ ಕೆಂಪು ಗೆರೆ ಹಾಕಿದೀರಲ್ಲಾ, ಇದನ್ನ ಒಂದ್ಸಲ ಓದ್ಲಾ?” ಎಂದ. ಬೇಡಪ್ಪಾ ಎಂದೆ. ವಸಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಗುವಿಗೋ ಅಳುವಿಗೋ ಗೊತ್ತಾಗಲಿಲ್ಲ. ಅಡುಗೆಮನೆಯಿಂದ ಸದ್ದು ಬಂದ ಮೇಲೆ ನಗುವೇ ಎಂದು ಖಾತ್ರಿಯಾಯಿತು.

ಆಮೇಲಿನದು ಕಾಲು ಗಂಟೆಯ ಕೆಲಸ. ಆ ತುಂಡು ವೈರು ತನ್ನ ಎಲ್ಲೆಗೆ ಸೇರಿದ್ದಲ್ಲವೆಂದು ಸಿದ್ಧರಾಜು ಹೇಳಲಿಲ್ಲ. ಗೋಡೆಯಿಂದಾಚೆ ನಮ್ಮದಲ್ಲ ಎಂದು ಮಂಜಣ್ಣನೂ ಹೇಳಲಿಲ್ಲ. ಒಬ್ಬ ಸ್ಟೂಲಿನ ಮೇಲೆ ನಿಂತು ಗಂಟು ಕತ್ತರಿಸಿದ, ಇನ್ನೊಬ್ಬ ಕೆಳಗೆ ಕೂತು ಪುಟ್ಟ ಯಂತ್ರದಲ್ಲಿ ಎರಡು ತುದಿಗಳನ್ನೂ ಬೆಸೆದ. ಮೂರೂ ಮುಕ್ಕಾಲಿಗೆ ಕೆಂಪು ದೀಪ ಹೋಗಿ ಹಸಿರು ಬಂತು. ನನ್ನ ಅರ್ಥಶಾಸ್ತ್ರದ ಪ್ರಕಾರ ಅವರಿಬ್ಬರೂ ಹಾಗೆ ಮಾಡಲು ಯಾವ ಕಾರಣವೂ ಇರಲಿಲ್ಲ. ಕೇಳಿದ್ದಕ್ಕೆ ಸಿದ್ಧರಾಜು, “ಅಮ್ಮೋರು ಗಡಿಯಾರ ನೋಡ್ತಿದ್ರಲ್ಲ ಸಾರ್” ಎಂದ.

ನಾಲ್ಕಕ್ಕೆ ಸರಿಯಾಗಿ ಹಾಡು ಶುರುವಾಯಿತು. ನಾನು ನೆಲದ ಚೌಕಗಳನ್ನು ಒರೆಸಿ, ಊಟದ ಮನೆಯಿಂದ ಒಂದು ಕುರ್ಚಿ ತಂದು ಹಜಾರದಲ್ಲಿ ಹಾಕಿಕೊಂಡು ಕೂತೆ. ವಸಂತಾ ಒಮ್ಮೆ ತಿರುಗಿ ಕುರ್ಚಿಯನ್ನೂ ನನ್ನನ್ನೂ ನೋಡಿ, ಶ್ರುತಿ ಹಿಡಿದಳು. ಶಾರದಮ್ಮನವರು ಎರಡನೆಯ ನುಡಿಯಲ್ಲಿ ತಡವರಿಸಿದಾಗ ಇವಳು ಈ ಕಡೆಯಿಂದ ಮೆಲ್ಲಗೆ ಎತ್ತಿಕೊಟ್ಟಳು. ಅವರು ಹಿಡಿದುಕೊಂಡು ಮುಗಿಸಿದರು. ಆಚೆ ಮೈಸೂರಿನಲ್ಲಿ ಮುದಿ ದನಿಯೊಂದು “ಭೇಷ್” ಎಂದಿತು. ನನ್ನ ಕಣ್ಣಲ್ಲಿ ನೀರು ಬಂತು. ಸೀಮೆಸುಣ್ಣದ ಧೂಳು ಎಂದು ಹೇಳಿಕೊಂಡೆ, ಯಾರೂ ಕೇಳಿರಲಿಲ್ಲ.

ಮೊನ್ನೆ ಗಣೇಶನ ಹಬ್ಬ ಬಂತು. ಬೆಳಿಗ್ಗೆ ಮಾವಿನೆಲೆ ಹಿಡಿದು, ಈ ಸಲ ಹೊಸ ದಾರವನ್ನೂ ಮೊಳೆಯನ್ನೂ ಕೊಂಡುತಂದು, ಸ್ಟೂಲು ಎಳೆದುಕೊಂಡು ಬಾಗಿಲಿಗೆ ಹೋದರೆ, ಬಾಗಿಲ ಮೇಲೆ ಗೋಡೆಯಲ್ಲಿ ನನ್ನದೇ ಹಳದಿ ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಿತ್ತು. ಗೆರೆಯ ಮೇಲೆ ವೈರು. ಗೆರೆಯ ಕೆಳಗೆ, ದಿನಾ ಹೂವು ಕೊಡುವ ಪುಟ್ಟಮ್ಮ ಆಗಲೇ ತೋರಣ ಕಟ್ಟಲು ಸಿದ್ಧವಾಗಿ ನಿಂತಿದ್ದಳು. ತೋರಣದ ಕೆಲಸ ಹೊರಗಿನವರಿಗೆ ಹೋಗಿತ್ತು. ಮೂವತ್ತು ವರ್ಷದ ಪಾಠವನ್ನು ನಮ್ಮ ಮನೆಯಲ್ಲಿ ಒಬ್ಬರಾದರೂ ಕೇಳಿಸಿಕೊಂಡಿದ್ದರು ಎಂದು ಸಂತೋಷಪಡಬೇಕೋ ಬೇಡವೋ ತಿಳಿಯದೆ, “ನಾನು ಮೇಲ್ವಿಚಾರಣೆಯಾದರೂ ಮಾಡಲೇ?” ಎಂದೆ. ಒಳಗೆ ಹಾಡಿಕೊಳ್ಳುತ್ತಿದ್ದ ವಸಂತಾ ಹಾಡು ನಿಲ್ಲಿಸಿ, “ನೀವು ಸ್ಟೂಲು ಹಿಡ್ಕೊಳ್ಳಿ ಸಾಕು. ನಿಮ್ಮದು ಅಲ್ಲಿಗೆ ಮುಗೀತು” ಎಂದು, ಬಿಟ್ಟ ಕಡೆಯಿಂದ ಮತ್ತೆ ಎತ್ತಿಕೊಂಡಳು. ನಾನು ಎರಡೂ ಕೈಯಲ್ಲಿ ಸ್ಟೂಲು ಹಿಡಿದುಕೊಂಡು ನಿಂತೆ.